600 ರೂಪಾಯಿಯ ಜೆರ್ಸಿ, ಬೆನ್ನ ಮೇಲೆ 13

ಇದು ಜೆರ್ಸಿ ಪ್ರಿಂಟ್ ಮಾಡಿಕೊಡುವ ಒಂದು ಅಂಗಡಿಯ ರಿವ್ಯೂ. ಹೆಸರು ಹಾಕುವುದಿಲ್ಲ. ತಪ್ಪು ಮಾಡಿದವರೂ ಅವರೇ, ಮುಖ ಸಿಂಡರಿಸದೆ ಸರಿ ಮಾಡಿಕೊಟ್ಟವರೂ ಅವರೇ, ಅಲ್ಲಿಗೆ ಲೆಕ್ಕ ಚುಕ್ತಾ. ಶಿವಾಜಿನಗರದ ಕಡೆ ಒಂದು ಗಲ್ಲಿ, ಕೆಳಗೆ ಟೀ ಅಂಗಡಿ, ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೊದಲನೇ ಮಹಡಿ. ಅಷ್ಟು ಸಾಕು. 5ಕ್ಕೆ ಎಷ್ಟು ಕೊಡ್ತೀಯ ಅಂದರೆ ಮೂರೂವರೆ. ಯಾಕೆ ಮೂರೂವರೆ ಅಂತ ಹೇಳಬೇಕಾದರೆ ಬರೀ ಬಟ್ಟೆಯ ಬಗ್ಗೆ ಬರೆದರೆ ಆಗುವುದಿಲ್ಲ, ಬೆನ್ನ ಮೇಲೆ ಹಾಕಿಸಿದ ಹೆಸರಿನ ಬಗ್ಗೆಯೂ ಬರೆಯಬೇಕು. ಸ್ವಲ್ಪ ಉದ್ದ ಆಗುತ್ತದೆ. ಅರ್ಜೆಂಟ್ ಇದ್ದವರಿಗೆ ಒಂದೇ ಮಾತು: ಹೋಗಿ, ಆದರೆ ಸ್ಪೆಲಿಂಗನ್ನು ಕಾಗದದ ಮೇಲೆ ಬರೆದುಕೊಂಡು ಹೋಗಿ.

ಜೆರ್ಸಿ ನನಗಲ್ಲ, ನಮ್ಮ ಭಾವನಿಗೆ. ಅಕ್ಕನ ಗಂಡ. 20 ವರ್ಷದಲ್ಲಿ 9 ಕಂಪನಿ ಬದಲಾಯಿಸಿದ್ದಾರೆ. ಕೆಲಸದಲ್ಲಿ ಏನೂ ಕಮ್ಮಿಯಿಲ್ಲ, ಎಲ್ಲೂ ಯಾರೂ ಹೊರಗೆ ಹಾಕಿದ್ದಿಲ್ಲ, ಸುಮ್ನೆ ಎರಡು ವರ್ಷ ಆದ ಮೇಲೆ ಅವರಿಗೆ ಕಾಲು ತುರಿಸುತ್ತದೆ. ಅವರ ಮನೆಯ ಟಿವಿ ಸ್ಟ್ಯಾಂಡಿನ ಕೆಳಗಿನ ಡ್ರಾಯರ್ ತುಂಬ ಐಡಿ ಕಾರ್ಡಿನ ಟ್ಯಾಗುಗಳು. ನೀಲಿ, ಕೆಂಪು, ಹಸಿರು, ಒಂದು ಕಂಪನಿಯದಂತೂ ಗುಲಾಬಿ. ಅಕ್ಕ ಅದರಲ್ಲಿ ಒಂದಕ್ಕೆ ಮನೆಯ ಬೀಗದ ಕೈ ಕಟ್ಟಿದ್ದಾಳೆ, ಇನ್ನೊಂದು ಮಗನ ವಾಟರ್ ಬಾಟಲಿಗೆ ನೇತಾಡುತ್ತಿದೆ. ನಮ್ಮಮ್ಮ 'ಅಳಿಯಂದಿರು ಈಗ ಯಾವ ಆಫೀಸು' ಅಂತ ಕೇಳುವುದನ್ನೇ ಬಿಟ್ಟಿದ್ದಾರೆ, 'ಈಗ ಆಫೀಸು ಯಾವ ಕಡೆ' ಅಂತ ಮಾತ್ರ ಕೇಳುತ್ತಾರೆ.

ಭಾವ ಶನಿವಾರ ಬೆಳಿಗ್ಗೆ ಹೆಣ್ಣೂರು ಕಡೆ ಟರ್ಫ್‌ನಲ್ಲಿ ಫುಟ್‌ಬಾಲ್ ಆಡುತ್ತಾರೆ. ಈ ಸಲದ ಹುಟ್ಟುಹಬ್ಬಕ್ಕೆ 44 ತುಂಬುತ್ತಿತ್ತು. 44 ಅಂದ ತಕ್ಷಣ ನನಗೆ ಹೊಳೆದ ಹೆಸರು ಸೆಬಾಸ್ಟಿಯನ್ ಅಬ್ರೆಯು.

ಯಾರು ಅಂತ ಕೇಳಬೇಡಿ ಅನ್ನಲ್ಲ, ಅಂಗಡಿಯ ಹುಡುಗನೂ ಅದನ್ನೇ ಕೇಳಿದ. ಫುಟ್‌ಬಾಲ್ ಆಟಗಾರ, ದಕ್ಷಿಣ ಅಮೆರಿಕದ ಉರುಗ್ವೆಯ ಮಿನಾಸ್ ಅನ್ನೋ ಊರಿನವನು, 1976ರ ಅಕ್ಟೋಬರ್‌ನಲ್ಲಿ ಹುಟ್ಟಿದವನು, ಆರಡಿ ಮೀರಿದ ಎತ್ತರ, ಭುಜದವರೆಗೆ ಕೂದಲು. ಅಡ್ಡಹೆಸರು ಎಲ್ ಲೋಕೊ, ಅಂದರೆ ಹುಚ್ಚ. 1990ರ ದಶಕದ ನಡುವಿನಲ್ಲಿ ಮಾಂಟೆವಿಡಿಯೊದ ಡಿಫೆನ್ಸರ್ ಕ್ಲಬ್‌ನಲ್ಲಿ ಶುರು ಮಾಡಿ 2021ರಲ್ಲಿ, 44ನೇ ವಯಸ್ಸಿನಲ್ಲಿ, ಅದೇ ನಗರದ ಸುದ್ ಅಮೆರಿಕಾ ಕ್ಲಬ್‌ನಲ್ಲಿ ಆಟ ನಿಲ್ಲಿಸಿದ. ಶುರುವಾದ ನಗರದಲ್ಲೇ ಮುಗಿಯಿತು ನೋಡಿ. ನಡುವೆ ಮಾತ್ರ 11 ದೇಶ, 30ಕ್ಕೂ ಹೆಚ್ಚು ಕ್ಲಬ್.

ಹನ್ನೊಂದು ದೇಶ ಅಂದರೆ ನಂಬದವರಿಗೆ ಬೆರಳು ಮಡಚಿ ಎಣಿಸುತ್ತೇನೆ. ಉರುಗ್ವೆ, ಅರ್ಜೆಂಟೀನಾ, ಸ್ಪೇನ್, ಬ್ರೆಜಿಲ್, ಮೆಕ್ಸಿಕೊ, ಇಸ್ರೇಲ್, ಗ್ರೀಸ್, ಈಕ್ವೆಡಾರ್, ಪರಗ್ವೆ, ಎಲ್ ಸಾಲ್ವಡಾರ್, ಚಿಲಿ. ಕೈಬೆರಳು ಸಾಲಲಿಲ್ಲ ಅಲ್ವಾ.

ಈಗ ಅಂಗಡಿಗೆ ಬರೋಣ. ಹೋದಾಗ ಮಧ್ಯಾಹ್ನ ಮೂರು ಗಂಟೆ. ಒಂದು ಹೀಟ್ ಪ್ರೆಸ್ ಮಶೀನು, ಒಂದು ಕಂಪ್ಯೂಟರು, ಅಂಟು ಹಾಳೆಯಿಂದ ಅಕ್ಷರ ಕತ್ತರಿಸುವ ಕಟ್ಟರು, ಗೋಡೆಯ ತುಂಬ ಮೆಸ್ಸಿ, ರೊನಾಲ್ಡೊ, ಮತ್ತೆ ಮೆಸ್ಸಿ. ಒಂದು ಮೂಲೆಯಲ್ಲಿ ಕೊಹ್ಲಿ. ಕಂಪ್ಯೂಟರ್ ಮುಂದೆ 20–22ರ ಹುಡುಗ, ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ವಯಸ್ಸಾದ ಯಜಮಾನರು, ಹುಡುಗನ ತಾತ ಅಂತ ಆಮೇಲೆ ಗೊತ್ತಾಯಿತು.

"ಹೆಸರು ಹೇಳಿ ಸಾರ್."

ಹೇಳಿದೆ.

"ನಿಮ್ಮ ಹೆಸರಾ?"

"ಅಲ್ಲಪ್ಪಾ, ಪ್ಲೇಯರು. ಉರುಗ್ವೆ."

"ಉರುಗ್ವೆ ಅಂದ್ರೆ ಸುವಾರೆಜ್ ಹಾಕ್ಸಿ ಸಾರ್. ಎಲ್ರೂ ಅದೇ ಹಾಕ್ಸೋದು. ರೆಡಿ ಇದೆ, ಹತ್ತು ನಿಮಿಷದಲ್ಲಿ ಕೊಡ್ತೀನಿ."

ಹುಡುಗನದ್ದು ವ್ಯಾಪಾರದ ಬುದ್ಧಿ, ತಪ್ಪಲ್ಲ. ಆದರೆ ಅವನು ಸುವಾರೆಜ್ ಅಂದಿದ್ದೇ ನನಗೆ ಒಂದು ದಾರಿ ಸಿಕ್ಕಿತು. ಆ ರಾತ್ರಿಯ ಕಥೆ ಹೇಳದೆ ಬಿಡಲಿಲ್ಲ. 2010ರ ವರ್ಲ್ಡ್ ಕಪ್, ಜುಲೈ 2, ಜೊಹಾನ್ಸ್‌ಬರ್ಗ್, ಉರುಗ್ವೆ ಮತ್ತು ಘಾನಾ, ಕ್ವಾರ್ಟರ್ ಫೈನಲ್. ನಮಗೆ ಇಲ್ಲಿ ನಡುರಾತ್ರಿ 12 ಗಂಟೆಗೆ ಶುರು. ನಾನು ಆಗ ಪಿಜಿಯಲ್ಲಿದ್ದೆ, ಒಂದು ಟಿವಿಗೆ ಹದಿನೇಳು ಜನ, ಓನರ್ ಎದ್ದು ಬರಬಾರದು ಅಂತ ವಾಲ್ಯೂಮ್ 4ರಲ್ಲಿ. ಮುಂತಾರಿ ಘಾನಾಕ್ಕೆ ಗೋಲು ಹೊಡೆದ, ಫೋರ್ಲಾನ್ ಫ್ರೀ ಕಿಕ್‌ನಲ್ಲಿ ಸಮ ಮಾಡಿದ, ಎಕ್ಸ್‌ಟ್ರಾ ಟೈಮಿನ ಕೊನೆಯ ಗಳಿಗೆಯಲ್ಲಿ ಒಳಗೆ ಹೋಗುತ್ತಿದ್ದ ಬಾಲನ್ನು ಸುವಾರೆಜ್ ಕೈಯಲ್ಲಿ ತಡೆದ, ಕೆಂಪು ಕಾರ್ಡು ತಿಂದ, ಘಾನಾದ ಗ್ಯಾನ್ ಹೊಡೆದ ಪೆನಾಲ್ಟಿ ಮೇಲಿನ ಕಂಬಕ್ಕೆ ಬಡಿಯಿತು. ಇಷ್ಟು ಎಲ್ಲರಿಗೂ ಗೊತ್ತು. ಅದಾದ ಮೇಲೆ ನಡೆದದ್ದೇ ಯಾರಿಗೂ ನೆನಪಿಲ್ಲ.

ಶೂಟೌಟ್ ಶುರುವಾಯಿತು, ಅಂದರೆ ಸಮ ಆದ ಪಂದ್ಯದ ತೀರ್ಮಾನಕ್ಕೆ ಎರಡೂ ಕಡೆಯವರು ಸರದಿಯಲ್ಲಿ ಪೆನಾಲ್ಟಿ ಹೊಡೆಯುವುದು. ಉರುಗ್ವೆಯ ಕೀಪರ್ ಮುಸ್ಲೆರಾ ಎರಡು ತಡೆದ, ಆ ಕಡೆ ಉರುಗ್ವೆಯ ಮ್ಯಾಕ್ಸಿ ಪೆರೇರಾ ಒಂದನ್ನು ಆಕಾಶಕ್ಕೆ ಹೊಡೆದ. ಕೊನೆಗೆ ಗೆಲ್ಲಬೇಕಾದರೆ ಒಂದು ಪೆನಾಲ್ಟಿ ಹೊಡೆಯಬೇಕು. ಬಂದವನು ಅಬ್ರೆಯು. ಎರಡನೇ ಹಾಫ್‌ನಲ್ಲಿ ಕವಾನಿ ಬದಲಿಗೆ ಇಳಿದವನು, ವಯಸ್ಸು 33, ಬೆನ್ನ ಮೇಲೆ 13. ಉರುಗ್ವೆ 1970ರ ಮೇಲೆ ವರ್ಲ್ಡ್ ಕಪ್ ಸೆಮಿಫೈನಲ್ ಮುಖವನ್ನೇ ನೋಡಿರಲಿಲ್ಲ. ನಾನಾಗಿದ್ದರೆ ಕಣ್ಣು ಮುಚ್ಚಿ ಒದ್ದುಬಿಡುತ್ತಿದ್ದೆ. ಈ ಪುಣ್ಯಾತ್ಮ ಓಡಿ ಬಂದ, ಬಾಲಿನ ಕೆಳಗೆ ಕಾಲ ತುದಿ ಹಾಕಿ, ಮಗುವಿಗೆ ಬಾಲು ಎಸೆದ ಹಾಗೆ ಮೆಲ್ಲಗೆ ಎತ್ತಿದ. ಕೀಪರ್ ಕಿಂಗ್ಸನ್ ಆಗಲೇ ಪಕ್ಕಕ್ಕೆ ಹಾರಿಯಾಗಿತ್ತು. ಬಾಲು ನಡುಮಧ್ಯ ತೇಲಿಕೊಂಡು ಹೋಗಿ ಬಲೆಗೆ ಬಿತ್ತು. ಪಿಜಿಯಲ್ಲಿ ಹದಿನೇಳು ಜನ ಒಟ್ಟಿಗೆ ಕಿರುಚಿದೆವು, ಓನರ್ ಎದ್ದು ಬಂದರು, ಮುಂದಿನದ್ದು ಬೇಡ.

ಈ ಥರದ ಪೆನಾಲ್ಟಿಗೆ ಪನೆಂಕಾ ಅಂತ ಹೆಸರು. 1976ರ ಜೂನ್‌ನಲ್ಲಿ ಬೆಲ್‌ಗ್ರೇಡ್‌ನಲ್ಲಿ ನಡೆದ ಯೂರೋ, ಅಂದರೆ ಯುರೋಪಿನ ದೇಶಗಳ ಕಪ್, ಅದರ ಫೈನಲ್‌ನಲ್ಲಿ ಪಶ್ಚಿಮ ಜರ್ಮನಿಯ ವಿರುದ್ಧ ಚೆಕೊಸ್ಲೊವಾಕಿಯಾದ ಪನೆಂಕಾ ಹೀಗೆ ಹೊಡೆದು ಕಪ್ ಗೆದ್ದಿದ್ದಕ್ಕೆ ಆ ಹೆಸರು. ಅದಾಗಿ ನಾಲ್ಕು ತಿಂಗಳಿಗೆ ಅಬ್ರೆಯು ಹುಟ್ಟಿದ. ನಾನು ಜಾತಕ ನಂಬುವವನಲ್ಲ, ಆದರೂ ಹೇಳಿದೆ ಅಷ್ಟೆ.

ಕಥೆ ಮುಗಿಯುವಷ್ಟರಲ್ಲಿ ಹುಡುಗ ಮೊಬೈಲ್‌ನಲ್ಲಿ ಆ ಪೆನಾಲ್ಟಿ ತೆಗೆದು ನೋಡುತ್ತಿದ್ದ. ಎರಡು ಸಲ ನೋಡಿದ. "ಸಾರ್, ಇವ್ನು ನಿಜವಾಗ್ಲೂ ಲೂಸು" ಅಂದ. ಅಲ್ಲಿಯ ಜನವೂ ಅದೇ ಹೆಸರಿಟ್ಟಿದ್ದಾರೆ ಅಂತ ಹೇಳಿದೆ. ಅಲ್ಲಿಂದ ಮುಂದೆ ಅವನು ಸುವಾರೆಜ್ ಹೆಸರು ಎತ್ತಲಿಲ್ಲ.

ಬಟ್ಟೆ ವಿಷಯ. ಆಕಾಶ ನೀಲಿ ಪಾಲಿಯೆಸ್ಟರ್, ಬ್ರಾಂಡ್ ಗುರುತು ಯಾವುದೂ ಇಲ್ಲದ ಪ್ಲೇನ್ ಜೆರ್ಸಿ, 450 ರೂಪಾಯಿ. ಪ್ರಿಂಟಿಂಗ್‌ಗೆ 150. ಒಟ್ಟು 600. ಕೈಗೆ ಹಗುರ, ಬೆನ್ನಿನ ಕಡೆ ಗಾಳಿಯಾಡಲು ಸಣ್ಣ ತೂತುಗಳಿವೆ, ಬೆವರು ಬೇಗ ಆರುತ್ತದೆ. ಕಂಕುಳ ಹತ್ತಿರದ ಹೊಲಿಗೆ ಮಾತ್ರ ಯಾಕೋ ಅರ್ಜೆಂಟಲ್ಲಿ ಹಾಕಿದ ಹಾಗಿದೆ, ಒಂದು ದಾರ ಹೊರಗೆ ಬಂದಿತ್ತು, ಎಳೆಯಬೇಡಿ, ಕತ್ತರಿಸಿ. ಕಾಲರ್ ಹಿಂದೆ ಅಂಟಿಸಿದ ಲೇಬಲ್ ಚುಚ್ಚುತ್ತದೆ, ಭಾವ ಅದನ್ನು ಮೊದಲ ದಿನವೇ ಬ್ಲೇಡಿನಲ್ಲಿ ಕಿತ್ತರು. ಸೈಜು ಚಿಕ್ಕದು. ಎಲ್ ಅಂತ ಇರುವುದು ನಿಜದಲ್ಲಿ ಎಮ್. ಸ್ವಲ್ಪ ಹೊಟ್ಟೆ ಇರುವವರು ಎರಡು ಸೈಜು ದೊಡ್ಡದು ತೆಗೆದುಕೊಳ್ಳಿ, ನಾಚಿಕೊಳ್ಳಬೇಡಿ.

ಎದೆಯ ಮೇಲೆ ನಕ್ಷತ್ರ ಹಾಕಿಸುವಾಗ ಒಂದು ಸಣ್ಣ ಜಟಾಪಟಿ ನಡೆಯಿತು. ನಾನು ನಾಲ್ಕು ಹಾಕು ಅಂದೆ. ಹುಡುಗ ಹುಡುಕಿ ನೋಡಿ, "ಸಾರ್, ಉರುಗ್ವೆ ವರ್ಲ್ಡ್ ಕಪ್ ಗೆದ್ದಿರೋದು ಎರಡೇ. 1930, 1950. ನಾಲ್ಕು ಹಾಕಿದ್ರೆ ಜನ ನಗ್ತಾರೆ" ಅಂದ. ಪಾಪ, ಗಿರಾಕಿಯ ಮರ್ಯಾದೆ ಉಳಿಸಲು ನೋಡುತ್ತಿದ್ದಾನೆ. ಆದರೆ ಉರುಗ್ವೆಯವರು 1924 ಮತ್ತು 1928ರ ಒಲಿಂಪಿಕ್ಸ್ ಗೆಲುವನ್ನೂ ಸೇರಿಸಿ ನಾಲ್ಕು ನಕ್ಷತ್ರ ಹಾಕಿಕೊಳ್ಳುತ್ತಾರೆ, ಆಗ ವರ್ಲ್ಡ್ ಕಪ್ಪೇ ಇರಲಿಲ್ಲವಲ್ಲ, ಅದೇ ದೊಡ್ಡ ಕಪ್ಪು. ಅವರ ತಂಡದ ಫೋಟೊ ತೋರಿಸಿದ ಮೇಲೆ ಒಪ್ಪಿದ. ಇಂಥ ಕಡೆ ವಾದ ಮಾಡುವ ಅಂಗಡಿ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಹೇಳಿದ್ದಕ್ಕೆಲ್ಲ ಹ್ಞೂಂ ಅನ್ನುವವರು ಕೆಲಸ ಕೆಡಿಸುತ್ತಾರೆ.

ಆದರೆ ವಾದ ಮಾಡಿದವರೂ ಕೆಡಿಸುತ್ತಾರೆ ಅಂತ ಐದು ನಿಮಿಷಕ್ಕೆ ಗೊತ್ತಾಯಿತು. ಮಶೀನಿನ ಮೇಲೆ 150 ಡಿಗ್ರಿ, 15 ಸೆಕೆಂಡ್ ಅಂತ ಕೆಂಪು ಅಂಕಿ ಉರಿಯುತ್ತಿತ್ತು. ಹುಡುಗ ಕಪ್ಪು ಅಕ್ಷರಗಳನ್ನು ಒಂದೊಂದಾಗಿ ಬೆನ್ನ ಮೇಲೆ ಜೋಡಿಸಿದ, ಸ್ಕೇಲ್ ಇಟ್ಟು ನೇರ ಮಾಡಿದ, ಮೇಲೆ ಬೆಣ್ಣೆ ಕಾಗದದಂಥದ್ದು ಹಾಸಿದ, ಹಿಡಿಕೆ ಒತ್ತಿದ. ಟೀಂ ಅಂತ ಸದ್ದು. ಎತ್ತಿ ನೋಡಿದರೆ ಎ, ಬಿ, ಇ, ಆರ್, ಯು. ಅಬೆರು. ಆರ್ ಮತ್ತು ಇ ಅದಲುಬದಲು.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆವು. ತಪ್ಪು ನನ್ನದೂ ಇದೆ, ಬಾಯಲ್ಲಿ ಹೇಳಿದೆ, ಬರೆದು ಕೊಡಲಿಲ್ಲ. ಆದರೂ ಒತ್ತುವ ಮುಂಚೆ ಒಂದು ಸಲ ತೋರಿಸಬೇಕು, ಅದು ಅಂಗಡಿಯ ಕೆಲಸ. ಅದಕ್ಕೆ ಒಂದು ಪಾಯಿಂಟ್ ಕಟ್.

"ಬಿಸಿ ಇರೋವಾಗ್ಲೇ ಕಿತ್ರೆ ಬರುತ್ತೆ" ಅಂತ ಯಜಮಾನರು ಕುರ್ಚಿಯಿಂದಲೇ ಹೇಳಿದರು. ಕಿತ್ತ. ಬಂತು, ಸ್ವಲ್ಪ ಅಂಟು ಉಳಿಯಿತು. ಅದರ ಮೇಲೆ ಹೊಸ ಅಕ್ಷರ ಕೂರಿಸಬೇಕು, ಅದಕ್ಕೆ ಕಟ್ಟರ್‌ನಲ್ಲಿ ಮತ್ತೆ ಕತ್ತರಿಸಬೇಕು, ಅಷ್ಟರಲ್ಲಿ ಕರೆಂಟ್ ಹೋಯಿತು. ಕೆಳಗಿನಿಂದ ಟೀ ತರಿಸಿದರು. ಆ ಮುಕ್ಕಾಲು ಗಂಟೆ ಇದೆಯಲ್ಲ, ಈ ಅಂಗಡಿಗೆ ಕೊಟ್ಟ ಮೂರೂವರೆಯಲ್ಲಿ ಒಂದು ಪೂರ್ತಿ ಅದಕ್ಕೇ.

ಯಜಮಾನರು ಕೇಳಿದರು, "ಮೂವತ್ತು ಟೀಮು ಅಂತೀರಿ. ಎಲ್ಲೂ ನಿಲ್ಲಲಿಲ್ಲ ಅಂದ್ರೆ ಆಟ ಸರಿಯಿರಲಿಲ್ಲ ಅಂತ ತಾನೇ?"

ನಮ್ಮಮ್ಮ ಭಾವನ ಬಗ್ಗೆ ಮನಸ್ಸಿನಲ್ಲಿ ಕೇಳುವ ಪ್ರಶ್ನೆಯೂ ಇದೇ. ಉತ್ತರ 'ಹಾಗಲ್ಲ' ಅಂತಲೇ. ಅಬ್ರೆಯು 2002ರಲ್ಲಿ ಮೆಕ್ಸಿಕೊದ ಕ್ರೂಜ್ ಅಜುಲ್ ಪರ ಒಂದೇ ಟೂರ್ನಿಯಲ್ಲಿ 19 ಗೋಲು ಹೊಡೆದು ಲೀಗಿಗೇ ಮೊದಲು ಬಂದ. ಉರುಗ್ವೆ ಪರ 70 ಪಂದ್ಯ, 26 ಗೋಲು. 2011ರಲ್ಲಿ ದಕ್ಷಿಣ ಅಮೆರಿಕದ ದೇಶಗಳ ಕಪ್ ಆದ ಕೋಪಾ ಅಮೆರಿಕಾ ಗೆದ್ದ ತಂಡದಲ್ಲಿದ್ದ. ಆಟ ಬರದವನಿಗೆ ಇಷ್ಟು ಆಗುತ್ತದಾ? ಊರೂರು ಅಲೆಯುವ ಆಟಗಾರ ಅಂದರೆ ಯಾರಿಗೂ ಬೇಡವಾದವನು ಅಂತ ಜನ ತಿಳಿಯುತ್ತಾರೆ. ಯೋಚನೆ ಮಾಡಿ, ಮೂವತ್ತು ಸಲ ಯಾರೋ ಒಬ್ಬರು ಬಾ ಅಂತ ಕರೆದಿದ್ದಾರೆ. ಬೇಡವಾದವನನ್ನು ಅಷ್ಟು ಸಲ ಕರೆಯುವುದಿಲ್ಲ.

ಹಾಗಂತ ಎಲ್ಲಾ ಕಡೆ ಹೂವಿನ ಹಾರ ಇತ್ತು ಅಂತಲೂ ಅಲ್ಲ. 1998ರಲ್ಲಿ ಸ್ಪೇನಿನ ಡಿಪೋರ್ಟಿವೊ ಲಾ ಕೊರುನ್ಯಾ ಆತನನ್ನು ಕೊಂಡಿತು. ಅಲ್ಲಿ ಆಡಿದ್ದು ಬೆರಳೆಣಿಕೆಯ ಪಂದ್ಯ. ಆಮೇಲೆ ಲೋನ್ ಮೇಲೆ ಕಳಿಸಿದ್ದೇ ಕಳಿಸಿದ್ದು. ಬ್ರೆಜಿಲ್‌ನ ಗ್ರೇಮಿಯೊ, ಮೆಕ್ಸಿಕೊದ ಟೆಕೋಸ್, ಅರ್ಜೆಂಟೀನಾದ ಸಾನ್ ಲೊರೆಂಜೊ, ಉರುಗ್ವೆಯ ನಾಸಿಯೊನಾಲ್. ನಮ್ಮ ಕಡೆ ಐಟಿ ಕಂಪನಿಯವರು ಕ್ಲೈಂಟ್ ಸೈಟಿಗೆ ಡೆಪ್ಯುಟೇಶನ್ ಕಳಿಸುವ ಹಾಗೆ, ಸಂಬಳದ ಪುಸ್ತಕದಲ್ಲಿ ಹೆಸರು ಒಂದು ಕಡೆ, ಬೆವರು ಸುರಿಸುವುದು ಇನ್ನೊಂದು ಕಡೆ. ಭಾವನಿಗೂ ಅಂಥ ಮೂರು ವರ್ಷ ಕಳೆದಿವೆ. ತನ್ನ ಕಂಪನಿಯ ಕ್ಯಾಂಟೀನ್ ಎಲ್ಲಿದೆ ಅಂತಲೇ ಗೊತ್ತಿಲ್ಲದೆ ರಾಜೀನಾಮೆ ಕೊಟ್ಟವರು ಅವರು.

ಮೆಕ್ಸಿಕೊದಲ್ಲಿ ಕುಲಿಯಾಕಾನ್ ಅನ್ನೋ ಊರಿನ ಡೊರಾಡೋಸ್ ತಂಡದಲ್ಲಿದ್ದಾಗ ಸ್ವಾರಸ್ಯದ ಒಂದು ಸಂಗತಿ. 2006ರಲ್ಲಿ ಅದೇ ತಂಡಕ್ಕೆ ಪೆಪ್ ಗ್ವಾರ್ಡಿಯೋಲಾ ಬಂದ. ಹೌದು, ಆಮೇಲೆ ಹೆಸರಾಂತ ಕೋಚ್ ಆದ ಅದೇ ಗ್ವಾರ್ಡಿಯೋಲಾ, ಆಟಗಾರನಾಗಿ ಕೊನೆಯ ದಿನಗಳು. ಒಬ್ಬ ನಡುಭಾಗದಲ್ಲಿ, ಇನ್ನೊಬ್ಬ ಮುಂದೆ. ಇಷ್ಟಿದ್ದೂ ತಂಡ ಕೆಳಗಿನ ದರ್ಜೆಗೆ ಇಳಿಯಿತು. ಗ್ವಾರ್ಡಿಯೋಲಾ ಹೋಗಿ ಏನೇನೋ ಆದ. ಅಬ್ರೆಯು ಗಂಟುಮೂಟೆ ಕಟ್ಟಿ ಅದೇ ದೇಶದ ಮೊಂಟೆರ್ರೆ ಕ್ಲಬ್ಬಿಗೆ ಹೊರಟ.

"ಗಂಟುಮೂಟೆ ಕಟ್ಟೋದು ನಮ್ಮವರಿಗೂ ಗೊತ್ತು" ಅಂದರು ಯಜಮಾನರು. ಅವರ ಮಾತು ಆಮೇಲೆ ಕೋಲ್ಕತ್ತಾಗೆ ಹೋಯಿತು. ಬೆಂಗಳೂರಿನ ಒಳ್ಳೆ ಆಟಗಾರರೆಲ್ಲ ಹಿಂದೆ ರೈಲು ಹತ್ತುತ್ತಿದ್ದುದು ಅಲ್ಲಿಗೇ. ಅಹ್ಮದ್ ಖಾನ್ ಇಲ್ಲಿಂದ ಹೋಗಿ ಅಲ್ಲಿನ ಈಸ್ಟ್ ಬೆಂಗಾಲ್ ಕ್ಲಬ್ಬಿನ ಆ ಹೆಸರುವಾಸಿ ಐದು ಜನರ ಮುಂಪಡೆಯಲ್ಲಿ, ಅಲ್ಲಿಯವರು ಪಂಚಪಾಂಡವರು ಅಂತ ಕರೆಯುತ್ತಿದ್ದ ಗುಂಪಿನಲ್ಲಿ, ಒಬ್ಬರಾದರು. ಅದು ಇವರ ಅಪ್ಪನ ಕಾಲ. ಇವರ ಕಣ್ಣಾರೆ ಕಂಡದ್ದು ಕಾರ್ಲ್ಟನ್ ಚಾಪ್‌ಮನ್. ಬೆಂಗಳೂರಿನ ಹುಡುಗ, ಟಾಟಾ ಫುಟ್‌ಬಾಲ್ ಅಕಾಡೆಮಿ, ಅಲ್ಲಿಂದ ಈಸ್ಟ್ ಬೆಂಗಾಲ್, ಅಲ್ಲಿಂದ ಪಂಜಾಬಿನ ಜೆಸಿಟಿ, ಮತ್ತೆ ಈಸ್ಟ್ ಬೆಂಗಾಲ್. 1993ರಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದವರು. ಎರಡು ಕ್ಲಬ್‌ಗಳ ಜೊತೆಗೂ ರಾಷ್ಟ್ರೀಯ ಲೀಗ್ ಗೆದ್ದವರು, ಈಸ್ಟ್ ಬೆಂಗಾಲ್ ಗೆದ್ದಾಗ ಕ್ಯಾಪ್ಟನ್. 2020ರ ಅಕ್ಟೋಬರ್‌ನಲ್ಲಿ ಇಲ್ಲೇ ಬೆಂಗಳೂರಿನಲ್ಲಿ ಹೋಗಿಬಿಟ್ಟರು, 49 ವರ್ಷಕ್ಕೆ. "ಅವ್ರ ಹೆಸ್ರಲ್ಲಿ ಒಂದು ಜೆರ್ಸಿ ಹಾಕಿಸೋಕೆ ಈ ಮೆಟ್ಟಿಲು ಯಾರೂ ಹತ್ತಿಲ್ಲ ನೋಡಿ" ಅಂದರು. ನನ್ನ ಕಡೆ ನೋಡಿ ಅಂದಿದ್ದಲ್ಲ, ಗೋಡೆಯ ಮೇಲಿನ ಮೆಸ್ಸಿಯ ಕಡೆ ನೋಡಿ ಅಂದಿದ್ದು. ಆದರೂ ನನಗೇ ತಾಗಿತು.

ಕರೆಂಟ್ ಬಂತು. ಈ ಸಲ ಹುಡುಗ ಪರದೆಯ ಮೇಲೆ ಐದು ಅಕ್ಷರ ತೋರಿಸಿ, ನನ್ನ ಕೈಯಲ್ಲಿ ಓದಿಸಿ, ತಾತನ ಕೈಯಲ್ಲೂ ಓದಿಸಿ, ಆಮೇಲೆ ಕತ್ತರಿಸಿದ.

ನಂಬರ್ 13 ಕೂರಿಸುವಾಗ ಇನ್ನೊಂದು ಪ್ರಶ್ನೆ. "13 ಯಾಕೆ ಸಾರ್, ಅಪಶಕುನ ಅಲ್ವಾ?" ಈ ಮನುಷ್ಯ ಬಹಳ ಕಡೆ ಅದನ್ನೇ ಹಠ ಹಿಡಿದು ಹಾಕಿಕೊಂಡ. ಅಂಗಿಯ ಬಣ್ಣ ಬದಲಾಗುತ್ತಿತ್ತು, ಭಾಷೆ ಬದಲಾಗುತ್ತಿತ್ತು, ಬೆನ್ನ ಮೇಲಿನ ಅಂಕಿ ಅದೇ. 2010ರಲ್ಲಿ ರಿಯೊದ ಬೊಟಫೊಗೊ ಸೇರಿದಾಗಲೂ 13. ಘಾನಾ ಪಂದ್ಯಕ್ಕೆ ಎರಡೂವರೆ ತಿಂಗಳ ಮುಂಚೆ, ರಿಯೊದ ಮರಕಾನ ಮೈದಾನದಲ್ಲಿ, ಅದೇ ಊರಿನ ಫ್ಲಮೆಂಗೊ ವಿರುದ್ಧದ ಫೈನಲ್‌ನಲ್ಲಿ ಇದೇ ಪನೆಂಕಾ ಹೊಡೆದಿದ್ದ. ಅವತ್ತು ಬಾಲು ಮೇಲಿನ ಕಂಬಕ್ಕೆ ತಾಗಿ ಒಳಗೆ ಬಿತ್ತು. ಎದೆ ಬಡಿತ ನಿಲ್ಲುವಂಥದ್ದು. ಎರಡು ಇಂಚು ಮೇಲೆ ಹೋಗಿದ್ದರೆ ಆ ಊರಲ್ಲಿ ಓಡಾಡುವುದು ಕಷ್ಟವಿತ್ತು. ಬೊಟಫೊಗೊ ಗೆದ್ದು ರಾಜ್ಯ ಚಾಂಪಿಯನ್ ಆಯಿತು. ಇಷ್ಟಾದ ಮೇಲೂ ವರ್ಲ್ಡ್ ಕಪ್‌ನಲ್ಲಿ ಮತ್ತೆ ಅದನ್ನೇ ಮಾಡುತ್ತಾನೆ ಅಂತ ಯಾರು ಅಂದುಕೊಂಡಿದ್ದರು? ಹುಚ್ಚ ಅನ್ನುವುದು ಸುಮ್ನೆ ಅಲ್ಲ.

ಪ್ರಿಂಟ್ ಈ ಸಲ ಚೆನ್ನಾಗಿ ಬಂತು. 13 ನೇರವಾಗಿದೆ, ಅಂಚು ಎಲ್ಲೂ ಎದ್ದಿಲ್ಲ. ಹೆಸರಿನ ಕೆಳಗೆ ಹಳೇ ಅಂಟಿನ ನೆರಳು ಸ್ವಲ್ಪ ಕಾಣುತ್ತದೆ, ಬಿಸಿಲಲ್ಲಿ ಓರೆಯಾಗಿ ನೋಡಿದರೆ ಮಾತ್ರ. ದುಡ್ಡು 50 ಕಮ್ಮಿ ತೆಗೆದುಕೊಂಡರು, ನಾನು ಕೇಳದೆಯೇ. ಇನ್ನೊಂದು ವಿಷಯ ಹೇಳಬೇಕು, ಬಣ್ಣವನ್ನೇ ಬಟ್ಟೆಯೊಳಗೆ ಇಳಿಸುವ ಸಬ್ಲಿಮೇಶನ್ ಪ್ರಿಂಟ್ ಇವರಲ್ಲಿಲ್ಲ, ಇವರದ್ದು ಅಂಟಿಸುವ ಅಕ್ಷರ. ಅದು ಎಷ್ಟೇ ಒಳ್ಳೆಯದಾದರೂ ಒಂದಲ್ಲ ಒಂದು ದಿನ ಏಳುತ್ತದೆ. ಒಳಗು ಹೊರಗು ಮಾಡಿ ತಣ್ಣೀರಲ್ಲಿ ಒಗೆಯಿರಿ, ಅಕ್ಷರದ ಮೇಲೆ ನೇರವಾಗಿ ಇಸ್ತ್ರಿ ಇಡಬೇಡಿ ಅಂತ ಹುಡುಗ ಮೂರು ಸಲ ಹೇಳಿದ.

ಹುಟ್ಟುಹಬ್ಬದ ದಿನ ಕೊಟ್ಟಾಗ ಭಾವ ಹೆಸರು ನೋಡಿ, "ಯಾರಪ್ಪಾ ಇದು, ಹೊಸ ಮ್ಯಾನೇಜರಾ?" ಅಂದರು. ಊಟದ ಹೊತ್ತಿಗೆ ಇಡೀ ಕಥೆ ಕೇಳಿದರು. ಅವರಿಗೆ ಗೋಲುಗಳಿಗಿಂತ ಆಫರ್ ಲೆಟರ್ ಮೇಲೆ ಆಸಕ್ತಿ ಜಾಸ್ತಿ. ಫುಟ್‌ಬಾಲ್‌ನಲ್ಲಿ ನೋಟಿಸ್ ಪೀರಿಯಡ್ ಎಷ್ಟು ದಿನ, ಅದು ಅವರ ಮೊದಲ ಪ್ರಶ್ನೆ. ನೋಟಿಸ್ ಅನ್ನುವುದೇ ಇಲ್ಲ ಅಂದೆ. ಕಾಂಟ್ರಾಕ್ಟ್ ಅಂದರೆ ಕಾಂಟ್ರಾಕ್ಟ್, ಮುಗಿಯುವವರೆಗೆ ಇರಬೇಕು, ನಡುವೆ ಹೋಗಬೇಕಾದರೆ ಕೊಳ್ಳುವವರು ಈಗಿನ ಕ್ಲಬ್ಬಿಗೆ ದುಡ್ಡು ಕಟ್ಟಬೇಕು. ಹೊರಡುವುದಕ್ಕೂ ವರ್ಷಕ್ಕೆ ಎರಡೇ ಕಿಟಕಿ, ಅಂದರೆ ಕ್ಲಬ್ ಬದಲಾಯಿಸಲು ಗೊತ್ತುಮಾಡಿದ ಅವಧಿ. ಒಂದು ಸೀಸನ್‌ನಲ್ಲಿ ಹೆಚ್ಚೆಂದರೆ ಮೂರು ಕ್ಲಬ್‌ನಲ್ಲಿ ಹೆಸರು ಬರೆಸಬಹುದು, ಸಾಮಾನ್ಯವಾಗಿ ಎರಡಕ್ಕೆ ಮಾತ್ರ ಆಡಬಹುದು, ಅದು ಫೀಫಾ ನಿಯಮ. ಹಿಂದೆ ಇನ್ನೂ ಕಷ್ಟವಿತ್ತು. ಯುರೋಪಿನಲ್ಲಿ ಕಾಂಟ್ರಾಕ್ಟ್ ಮುಗಿದ ಮೇಲೂ ಹಳೇ ಕ್ಲಬ್ ದುಡ್ಡು ಕೇಳುತ್ತಿತ್ತು, ಕೊಡದಿದ್ದರೆ ಆಟಗಾರ ಅಲ್ಲೇ ಕೊಳೆಯಬೇಕು. ಬೆಲ್ಜಿಯಂನ ಬೊಸ್ಮನ್ ಅನ್ನೋ ಆಟಗಾರ ಕೋರ್ಟಿಗೆ ಹೋಗಿ 1995ರ ಡಿಸೆಂಬರ್‌ನಲ್ಲಿ ಗೆದ್ದ ಮೇಲೆ ಆ ಪದ್ಧತಿ ಬಿತ್ತು. ಕೇಸು ಗೆದ್ದ ಬೊಸ್ಮನ್‌ಗೆ ಅದರಿಂದ ಹೇಳಿಕೊಳ್ಳುವಂಥದ್ದೇನೂ ದಕ್ಕಲಿಲ್ಲ ಅನ್ನುವುದು ಬೇರೆ ಮಾತು.

"90 ದಿನದ ನೋಟಿಸ್‌ಗಿಂತ ಇದೇ ಮೇಲು" ಅಂದರು ಭಾವ. ಅಕ್ಕ ಕೇಳಿದ್ದು ಮಾತ್ರ ಬೇರೆ. "ಹೆಂಡ್ತಿ ಮಕ್ಳ ಸ್ಕೂಲು?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹನ್ನೊಂದು ದೇಶದ ಪಟ್ಟಿ ಓದುವಾಗ ನನಗೆ ಹೊಳೆಯದ ಪ್ರಶ್ನೆ ಅದು. ಮಾಂಟೆವಿಡಿಯೊದ ನಾಸಿಯೊನಾಲ್ ಆತ ಬೆಂಬಲಿಸುತ್ತಿದ್ದ ಕ್ಲಬ್, ಸುತ್ತಾಡಿ ಸುತ್ತಾಡಿ ಅಲ್ಲಿಗೆ ಮತ್ತೆ ಮತ್ತೆ ಬರುತ್ತಿದ್ದ, ಅಷ್ಟು ಹೇಳಿದೆ. ಅಕ್ಕ ತವರಿಗೆ ಬಂದ ಹಾಗಾ ಅಂದಳು. ಹಾಗೇ ಅನ್ನಬಹುದು.

ಇಷ್ಟು ತಿರುಗಿದ ಇನ್ನೊಬ್ಬನೂ ಇದ್ದಾನೆ, ಜರ್ಮನಿಯ ಕೀಪರ್ ಲುಟ್ಜ್ ಫಾನೆನ್‌ಸ್ಟೀಲ್. 25 ಕ್ಲಬ್, ಫೀಫಾದ ಆರೂ ಭೂಖಂಡ ಒಕ್ಕೂಟಗಳಲ್ಲಿ ಆಡಿದವನು. 2002ರ ಕ್ರಿಸ್ಮಸ್ ಮಾರನೇ ದಿನ ಇಂಗ್ಲೆಂಡಿನಲ್ಲಿ ಆಡುವಾಗ ಎದುರಾಳಿಯ ಮೊಣಕಾಲು ಎದೆಗೆ ಬಡಿದು ಉಸಿರೇ ನಿಂತು, ಮೈದಾನದಲ್ಲೇ ಬದುಕಿಸಿದರು. ಚೇತರಿಸಿಕೊಂಡು ಮತ್ತೆ ಆಡಿದ. ಅಬ್ರೆಯು ಚಿಲಿಯ ಔಡಾಕ್ಸ್ ಇಟಾಲಿಯಾನೊ ಸೇರಿದಾಗ ಅದು 26ನೇ ಕ್ಲಬ್ಬು, ಗಿನ್ನೆಸ್ ದಾಖಲೆ ಆತನ ಪಾಲಾಯಿತು. ಆಗ ವಯಸ್ಸು 41. ದಾಖಲೆ ಆಯಿತಲ್ಲ, ಸಾಕು ಅಂತ ಕೂತನಾ? ಇಲ್ಲ, ಇನ್ನೂ ಮೂರು ವರ್ಷ ಮೂಟೆ ಕಟ್ಟುತ್ತಲೇ ಇದ್ದ.

ಜೆರ್ಸಿಯ ನಿಜವಾದ ಪರೀಕ್ಷೆ ಟರ್ಫ್‌ನಲ್ಲಿ. ಶನಿವಾರ ಬೆಳಿಗ್ಗೆ ಆರೂವರೆ, ಐದೈದು ಜನ, ನಾನು ಬೆಂಚಿನ ಮೇಲೆ ಫ್ಲಾಸ್ಕ್ ಹಿಡಿದು ಕೂತಿದ್ದೆ. ಬಟ್ಟೆ ಪಾಸು. ಅರ್ಧ ಗಂಟೆ ಓಡಿದರೂ ಮೈಗೆ ಅಂಟಲಿಲ್ಲ, ರಬ್ಬರ್ ಕಾಳಿನ ಮೇಲೆ ಎರಡು ಸಲ ಜಾರಿ ಬಿದ್ದರೂ ಹರಿಯಲಿಲ್ಲ. ಬಣ್ಣವೂ ಅಷ್ಟೆ, ಬಿಳಿ ಬನಿಯನ್ನಿಗೆ ಹತ್ತಿಲ್ಲ. ಕೊನೆಗೆ ಪೆನಾಲ್ಟಿ ಸಿಕ್ಕಿತು. ಭಾವ ಬಾಲು ಎತ್ತಿಕೊಂಡರು. ನನ್ನ ಕಡೆ ಒಂದು ಸಲ ನೋಡಿದರು. ಆ ನೋಟ ನೋಡಿಯೇ ನನಗೆ ಗೊತ್ತಾಯಿತು, ಬೇಡ ಭಾವಾ ಅಂತ ಕೂಗುವಷ್ಟರಲ್ಲಿ ಓಡಿಯಾಗಿತ್ತು. ಬಾಲಿನ ಕೆಳಗೆ ಕಾಲು ಹಾಕಿ ಮೆಲ್ಲಗೆ ಎತ್ತಿದರು. ಬಾಲು ಚೆಂದವಾಗಿಯೇ ತೇಲಿತು. ಕೀಪರ್ ಅವರ ಆಫೀಸಿನ ಇಂಟರ್ನ್, 20ರ ಹುಡುಗ, ಪನೆಂಕಾ ಹೆಸರೂ ಕೇಳದವನು, ನಿಂತ ಕಡೆಯಿಂದ ಕದಲಲೇ ಇಲ್ಲ. ದೇವಸ್ಥಾನದಲ್ಲಿ ಪ್ರಸಾದ ತೆಗೆದುಕೊಂಡ ಹಾಗೆ ಎರಡೂ ಕೈ ಚಾಚಿ ಹಿಡಿದ. "ಸಾರಿ ಸಾರ್" ಅಂತಲೂ ಅಂದ.

ಭಾವ ಅದೇ ಜೆರ್ಸಿ ಹಾಕಿಕೊಂಡು ದಾರಿಯಲ್ಲಿ ಇಡ್ಲಿ ತಿಂದರು, ಆ ಪೆನಾಲ್ಟಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂದಿನ ಶನಿವಾರವೂ ಅದನ್ನೇ ಹಾಕಿಕೊಂಡು ಹೋದರು.

ಏಳನೇ ಒಗೆತಕ್ಕೆ ಆರ್ ಅಕ್ಷರದ ಕಾಲು ಎದ್ದಿತು. ವಾಶಿಂಗ್ ಮಶೀನಿಗೆ ಹಾಕಬಾರದಿತ್ತು, ಹಾಕಿದ್ದರು, ಆದರೂ ಏಳು ಕಮ್ಮಿಯೇ. ಮುಂಚೆ ಒಂದು ಸಲ ಕಿತ್ತ ಜಾಗ ಅದು, ಅಲ್ಲಿಂದಲೇ ಬಿಟ್ಟಿದೆ. ಅರ್ಧ ಪಾಯಿಂಟ್ ಅಲ್ಲಿ ಹೋಯಿತು. ಅದನ್ನು ತೆಗೆದುಕೊಂಡು ಮತ್ತೆ ಮೆಟ್ಟಿಲು ಹತ್ತಿದೆ. ಹುಡುಗ ಗುರುತು ಹಿಡಿದ, ಬಿಲ್ಲು ಕೇಳಲಿಲ್ಲ. ಹೊಸ ಆರ್ ಕತ್ತರಿಸಿ ಕೂರಿಸಿದ, ಮೂರು ನಿಮಿಷದ ಕೆಲಸ, ದುಡ್ಡು ಬೇಡ ಅಂದ. ಹೋದ ಕೆಲಸ ಅದೊಂದೇ ಅಲ್ಲ, ಈ ಸಲ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಚಾಪ್‌ಮನ್ ಅಂತ ಬರೆದುಕೊಂಡು ಹೋಗಿದ್ದೆ. ಈಸ್ಟ್ ಬೆಂಗಾಲಿನ ಕೆಂಪು–ಹಳದಿ ಬಟ್ಟೆ, ನನ್ನ ಸೈಜು, ಎರಡು ನಂಬರ್ ದೊಡ್ಡದು. ತಾತ ಅವತ್ತು ಇರಲಿಲ್ಲ, ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದರು. ಹುಡುಗ ಕಾಗದ ನೋಡಿ ನಕ್ಕ, ಅದನ್ನು ಮಡಚಿ ತಾತನ ಕುರ್ಚಿಯ ಮೇಲಿಟ್ಟ. ಮಂಗಳವಾರ ಬನ್ನಿ ಸಾರ್, ತಾತ ಇರುವಾಗಲೇ ಒತ್ತುತ್ತೇನೆ ಅಂದ.

"ಅಂದ ಹಾಗೆ ಸಾರ್, ಆ ಲೂಸು ಈಗ ಏನ್ಮಾಡ್ತಿದ್ದಾನೆ?"

ಕೋಚ್ ಆಗಿದ್ದಾನೆ ಅಂದೆ.

"ಯಾವ ಟೀಮು?"

"ಅಲ್ಲೂ ಅದೇ ಕಥೆ. ಬದಲಾಯಿಸ್ತಾನೇ ಇದ್ದಾನೆ."